ಆಲ್ಜಿನೇಟ್ ಮಣಿಯಿಂದ ಔಷಧ ಹೇಗೆ ಹೊರಬರುತ್ತದೆ: ಘಾತಾಂಕ ‘ಎನ್’ ತೆಗೆಯುವ ಬಗೆ

ಆಲ್ಜಿನೇಟ್ ಎಂದರೆ ಕಡಲಪಾಚಿಯಿಂದ ಬರುವ, ಉದ್ದ ಸರಪಳಿಗಳ ಪದಾರ್ಥ (ಪಾಲಿಮರ್). ಅದರ ಮಣಿಯಿಂದ ಔಷಧ ಯಾವ ಬಗೆಯಲ್ಲಿ ಹೊರಬರುತ್ತಿದೆ ಎಂದು ತಿಳಿಸುವ ಸಂಖ್ಯೆಯೇ ‘ಎನ್’. ಮೊದಲು ನೀರು. ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಸುಣ್ಣಕಲ್ಲಿನ ನೆಲ; ಬೋರ್‌ವೆಲ್ ನೀರು ಗಡುಸು. ಆ ನೀರಿಗೆ ಸೋಡಿಯಂ ಆಲ್ಜಿನೇಟ್ ಹಾಕಿದರೆ ಕ್ಯಾಲ್ಸಿಯಂ ಸರಪಳಿಗಳನ್ನು ಅಲ್ಲೇ ಹೆಣೆದು ಗಂಟು ಕಟ್ಟಿಸುತ್ತದೆ. ಬೀಕರ್ ತೊಳೆಯುವ ಕೊನೆಯ ನೀರೂ ಡಿಸ್ಟಿಲ್ಡ್ ಇರಲಿ.

100 ಮಿ.ಲೀ. ನೀರು ತಿರುಗುತ್ತಿರುವಾಗ 2 ಗ್ರಾಂ ಆಲ್ಜಿನೇಟ್ ಉದುರಿಸಿ, ಕರಗಿದ ಮೇಲೆ 0.5 ಗ್ರಾಂ ಡೈಕ್ಲೋಫೆನಾಕ್ ಸೋಡಿಯಂ (ನೋವಿನ ಔಷಧ) ಬೆರೆಸಿ. ಗುಳ್ಳೆ ಹೋಗುವ ತನಕ ಮುಚ್ಚಿಡಿ. ಸಿರಿಂಜ್‌ನಿಂದ 2% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಿ; ಪ್ರತಿ ಹನಿಯೂ ಗಟ್ಟಿಯಾಗಿ ಮಣಿಯಾಗುತ್ತದೆ. 15 ನಿಮಿಷ ಬಿಟ್ಟು ಸೋಸಿ, ತೊಳೆದು ಒಣಗಿಸಿ. ಗಾತ್ರ ಒಂದೇ ಇರಬೇಕು: ಬರೀ ಡಿಫ್ಯೂಷನ್ (ಔಷಧ ತಾನಾಗಿ ಹರಡಿ ಹೊರಬರುವುದು) ಆದರೆ ವ್ಯಾಸ ಅರ್ಧವಾದಾಗ ಬಿಡುಗಡೆಯ ಸಮಯ ಕಾಲು ಭಾಗಕ್ಕಿಳಿಯುತ್ತದೆ.

ಗಟ್ಟಿಯಾಗುವಾಗಲೇ ಸ್ವಲ್ಪ ಔಷಧ ಆ ಕ್ಯಾಲ್ಸಿಯಂ ದ್ರಾವಣಕ್ಕೆ ಸೋರುತ್ತದೆ. ಆದ್ದರಿಂದ ಒಟ್ಟು ಔಷಧವೆಂದು ತೂಗಿ ಹಾಕಿದ್ದನ್ನು ಹಿಡಿಯಬೇಡಿ. ಕೆಲವು ಮಣಿ ಅರೆದು, ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಕರಗಿಸಿ, 276 ನ್ಯಾನೋಮೀಟರ್ ಅತಿನೇರಳೆ ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ಅಳೆಯಿರಿ. ತೂಗಿದ್ದನ್ನೇ ಹಿಡಿಯುವ ಒಂದು ತಪ್ಪಿಗೆ ಇಡೀ ಗ್ರಾಫ್ ಕೆಳಗೆ ಜಾರುತ್ತದೆ.

ಈಗ ಮಣಿಗಳನ್ನು ಬಿಡುಗಡೆಯ ಪರೀಕ್ಷೆಗೆ ಹಾಕಿ: ಪಿಎಚ್ 6.8 ಫಾಸ್ಫೇಟ್ ಬಫರ್ 900 ಮಿ.ಲೀ., 37 ಡಿಗ್ರಿ ಸೆಲ್ಸಿಯಸ್, ಕಲಕುವ ಪ್ಯಾಡಲ್ ನಿಮಿಷಕ್ಕೆ 50 ಸುತ್ತು. ಅಳೆಯಲು ಪ್ರತಿ ಸಲ 5 ಮಿ.ಲೀ. ತೆಗೆದು ಅಷ್ಟೇ ಬಿಸಿ ಬಫರ್ ಹಾಕಿ. ಹಿಂದೆ ತೆಗೆದ ಪ್ರತಿ 5 ಮಿ.ಲೀ.ಯಲ್ಲಿದ್ದ ಔಷಧವನ್ನೂ ಲೆಕ್ಕಕ್ಕೆ ಕೂಡಿಸಿ.

ಕೋರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣದಲ್ಲಿ ಬಿಡುಗಡೆಯಾದ ಭಾಗ = ಕೆ × ಸಮಯದ ‘ಎನ್’ ಘಾತ; ‘ಕೆ’ ಒಂದು ಸ್ಥಿರಾಂಕ. ಎರಡೂ ಕಡೆ ಲಾಗ್ ತೆಗೆದರೆ ಸರಳರೇಖೆ. ಅದರ ಇಳಿಜಾರೇ ‘ಎನ್’. ಮೊದಲ 60% ಬಿಡುಗಡೆಯ ಬಿಂದುಗಳು ಮಾತ್ರ ಬೇಕು. ಸೊನ್ನೆ ಸಮಯವನ್ನು ಬಿಡಿ. 1 ಗಂಟೆಗೆ 20%, 4 ಗಂಟೆಗೆ 48% ಬಂದಿದೆ ಎನ್ನಿ: 48 ÷ 20 = 2.4, ಸಮಯ 4 ಪಟ್ಟು; ಲಾಗ್ 2.4 ಅನ್ನು ಲಾಗ್ 4ರಿಂದ ಭಾಗಿಸಿದರೆ ‘ಎನ್’ 0.63. ಇದು ಕೈಲೆಕ್ಕ ಅಷ್ಟೇ. ಎರಡು ಬಿಂದುಗಳ ಮೇಲೆ ತೀರ್ಮಾನ ಬೇಡ, ಐದಾರು ಬೇಕು.

ಗೋಳಕ್ಕೆ 0.43 ಎಂದರೆ ಡಿಫ್ಯೂಷನ್, 0.85 ಎಂದರೆ ಪಾಲಿಮರ್ ಸಡಿಲವಾಗುವುದೇ ವೇಗ ನಿರ್ಧರಿಸುತ್ತಿದೆ, ನಡುವೆ ಎರಡೂ ಬೆರೆತಿವೆ. ತೆಳು ಹಾಳೆಯ 0.5 ಅನ್ನು ಮಣಿಗೆ ಹಚ್ಚುವುದು ಸಾಮಾನ್ಯ ತಪ್ಪು. ಇನ್ನೊಂದು ಮಾತು: ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುವುದರಿಂದ ಮಣಿ ಉಬ್ಬಿ ಒಡೆಯುತ್ತದೆ. ‘ಎನ್’ 0.85 ದಾಟಿದರೆ ಸಮೀಕರಣ ಬಿಟ್ಟು ಪಾತ್ರೆಯೊಳಗೆ ನೋಡಿ, ಮಣಿ ಇನ್ನೂ ದುಂಡಗಿದೆಯೇ ಎಂದು.