ಒಂದು ಟ್ಯೂಬು ರಕ್ತಕ್ಕೆ ಒಬ್ಬ ದಾನಿ: ನಾವು ದುಡ್ಡು ಕೂಡಿಸಿದ ರೀತಿ

"ಕುದುರೆ ರಕ್ತ ಪರೀಕ್ಷೆಗೆ ಬೆಂಗಳೂರಲ್ಲಿ ಯಾರ್ರೀ ದುಡ್ಡು ಕೊಡ್ತಾರೆ?" ಈ ಮಾತನ್ನ ನನಗೆ ಕಡಿಮೆ ಅಂದ್ರೂ ಇಪ್ಪತ್ತು ಜನ ಹೇಳಿದ್ದಾರೆ. ಅದರಲ್ಲಿ ಆರೇಳು ಜನ ನಮ್ಮ ಜೊತೆ ಎಂಡ್ಯೂರೆನ್ಸ್, ಅಂದ್ರೆ ದೂರದ ಕುದುರೆ ಸವಾರಿ, ಮಾಡೋ ಸವಾರರೇ. ಕಳೆದ ಫೆಬ್ರವರಿ ಹೊತ್ತಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ 1 ಲಕ್ಷ 10 ಸಾವಿರದ ಹತ್ತಿರ ಬಂದಿತ್ತು. ಯಾವ ಕಂಪನಿಯದ್ದೂ ಅಲ್ಲ, ಯಾವ ಸರ್ಕಾರದ್ದೂ ಅಲ್ಲ. ಅದು ಹೇಗೆ ಬಂತು ಅಂತ ಬರೀತೀನಿ.

ಇದು ಶುರುವಾಗಿದ್ದು ನನ್ನ ಹೆಣ್ಣು ಕುದುರೆ ಗೌರಿಯಿಂದ. ಮೂರು ವರ್ಷದ ಹಿಂದೆ, ಏಪ್ರಿಲ್ ಬಿಸಿಲಲ್ಲಿ 60 ಕಿ.ಮೀ. ಸವಾರಿ. 40ನೇ ಕಿ.ಮೀ.ಯಲ್ಲಿ, ಡಾಕ್ಟ್ರು ಕುದುರೆ ನೋಡಿ ಮುಂದೆ ಬಿಡೋ ವೆಟ್ ಗೇಟ್‌ನಲ್ಲಿ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯಲೇ ಇಲ್ಲ. ಮುಂದೆ ಬಕೆಟ್ ಇಟ್ಟರೂ ಮೂತಿ ಹಾಕಲಿಲ್ಲ. ಕತ್ತಿನ ಚರ್ಮ ಚಿವುಟಿದರೆ ಗುಡ್ಡೆ ಹಾಗೇ ನಿಂತಿತ್ತು, ಮೈಯಲ್ಲಿ ನೀರು ಕಡಿಮೆಯಾದ ಗುರುತು. ಅವತ್ತು ಬೆವರಲ್ಲಿ ಹೋದ ಉಪ್ಪಿಗೆ ಬದಲು ಉಪ್ಪು ಎಷ್ಟು ಕೊಡಬೇಕು ಅಂತ ಮೂರು ಜನರನ್ನ ಕೇಳಿದೆ, ಮೂರು ಲೆಕ್ಕ ಸಿಕ್ಕಿತು. ಎಲ್ಲವೂ ಹೊರದೇಶದ ಅರಬ್ ಕುದುರೆಗಳ ಲೆಕ್ಕ. ಹುರುಳಿ, ಬೂಸಾ ತಿಂದು ನಮ್ಮ ಕೆಂಪು ಮಣ್ಣಿನ ದಾರಿಯಲ್ಲಿ ಓಡೋ ಕುದುರೆಗಳ ಲೆಕ್ಕ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಡಾಕ್ಟ್ರು ಮತ್ತು ಅವರ ಪಿಎಚ್‌ಡಿ ಹುಡುಗಿ ರಕ್ತ ಪರೀಕ್ಷೆ ಮಾಡಿ ಆ ಲೆಕ್ಕ ಹುಡುಕೋಕೆ ರೆಡಿ ಇದ್ದರು. ಇಲ್ಲದೆ ಇದ್ದಿದ್ದು ದುಡ್ಡು.

ಮೊದಲು ಎಲ್ಲರ ಹಾಗೆ ನಾನೂ ಕಂಪನಿಗಳು ಸಮಾಜಕ್ಕೆ ಖರ್ಚು ಮಾಡೋ ದುಡ್ಡು, ಅಂದ್ರೆ ಸಿಎಸ್‌ಆರ್ ಹಿಂದೆ ಬಿದ್ದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಖರ್ಚು ಮಾಡಬೇಕು. ಆ ದುಡ್ಡು ಯಾವುದಕ್ಕೆ ಹಾಕಬಹುದು ಅನ್ನೋ ಏಳನೇ ಶೆಡ್ಯೂಲ್‌ನಲ್ಲಿ ಪ್ರಾಣಿಗಳ ಕ್ಷೇಮ ಅಂತ ಬರೆದೇ ಇದೆ. ಅದನ್ನ ನಂಬಿಕೊಂಡು ಟ್ರಸ್ಟ್ ಮಾಡಿಸಿದೆ. ಆಡಿಟರ್ ಫೀಸು, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗೋ 80ಜಿ, ಕಂಪನಿ ದುಡ್ಡು ಪಡೆಯೋಕೆ ಬೇಕಾದ ಸಿಎಸ್‌ಆರ್-1 ಫಾರಂ ಎಲ್ಲ ಸೇರಿ 18-20 ಸಾವಿರ ಹೋಯಿತು. ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪನಿಗೆ ಐದು ಸಲ ಅಲೆದೆ. ಆರನೇ ತಿಂಗಳಲ್ಲಿ "ಎಷ್ಟು ಮಕ್ಕಳಿಗೆ ಉಪಯೋಗ ಆಗುತ್ತೆ?" ಅಂತ ಕೇಳಿ ಫೈಲ್ ಮುಚ್ಚಿದರು. ಆಮೇಲೆ ಆನ್‌ಲೈನಲ್ಲಿ ಚಂದಾ ಎತ್ತಿದೆ. ಎರಡು ತಿಂಗಳಿಗೆ 9 ಸಾವಿರ ಚಿಲ್ಲರೆ, ಅದರಲ್ಲಿ ಅರ್ಧ ನಮ್ಮ ನೆಂಟರದ್ದು.

ದಾರಿ ತೋರಿಸಿದ್ದು ಮಲ್ಲೇಶ್ವರದ ಒಬ್ಬ ರಿಟೈರ್ಡ್ ಟೀಚರ್. ನಮ್ಮ ಅತ್ತೆಯ ಗೆಳತಿ. ಕಾಫಿ ಕೊಟ್ಟು ಕೂರಿಸಿ ಕೇಳಿದರು: "ಸಂಶೋಧನೆ ಅಂದ್ರೆ ನನಗೆ ತಿಳಿಯಲ್ಲಪ್ಪ. ನಾನು ಒಂದು ಸಾವಿರ ಕೊಟ್ರೆ ಅದರಲ್ಲಿ ಏನು ಮಾಡ್ತೀಯ?"

"ಒಂದು ಕುದುರೆದು ಒಂದು ಸಲ ರಕ್ತ ಪರೀಕ್ಷೆ ಆಗುತ್ತೆ ಅಮ್ಮ."

"ಹಾಗಿದ್ರೆ ಒಂದು ನನ್ನ ಹೆಸರಲ್ಲಿ ಬರ್ಕೊ. ಯಾವ ಕುದುರೆ ಅಂತ ಹೇಳು."

ಮನೆಗೆ ಬಂದವನೇ ಲೆಕ್ಕ ಹಾಕಿದೆ. 22 ಕುದುರೆ, ಒಂದೊಂದಕ್ಕೆ ಮೂರು ಸಲ ರಕ್ತ: ಹೊರಡೋ ಮುಂಚೆ, ಅರ್ಧ ದಾರಿಯಲ್ಲಿ, ಮುಗಿದ ಮೇಲೆ. ನಾಲ್ಕು ಹೆಚ್ಚಿಗೆ ಇಟ್ಟುಕೊಂಡರೆ 70 ಟ್ಯೂಬು. ಲ್ಯಾಬ್, ಸಿರಿಂಜ್, ಐಸ್ ಪೆಟ್ಟಿಗೆ, ಕಾರು ಓಡಾಟ ಎಲ್ಲ ಹಂಚಿದರೆ ಟ್ಯೂಬಿಗೆ 1200 ರೂಪಾಯಿ. ಒಂದು ಟ್ಯೂಬಿಗೆ ಒಬ್ಬ ದಾನಿ. ದಾನಿಗೆ ಟ್ಯೂಬಿನ ನಂಬರು, ಕುದುರೆಯ ಹೆಸರು, ಫೋಟೋ. ರಿಪೋರ್ಟ್ ಬಂದಾಗ ಬೆವರಲ್ಲಿ ಹೋಗೋ ಉಪ್ಪಿನ ಅಂಶಗಳಾದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಷ್ಟು ಅಂತ ಒಂದು ಮೆಸೇಜ್. ಇದರ ಮೇಲೆ ಪ್ರತಿ ಸವಾರನ ಪ್ರವೇಶ ಶುಲ್ಕದಿಂದ 150 ರೂಪಾಯಿ ತೆಗೆದಿಟ್ಟೆವು. ಅಮೆರಿಕದಲ್ಲಿ 1972ರಲ್ಲಿ ಹುಟ್ಟಿದ ಎಂಡ್ಯೂರೆನ್ಸ್ ಸವಾರರ ಸಂಘವೂ ಸಂಶೋಧನೆಗೆ ದುಡ್ಡು ಕೊಡುತ್ತೆ. ಸವಾರರೇ ಕೈಹಾಕದೆ ಇದ್ದರೆ ಬೇರೆಯವರು ಯಾಕೆ ಕೊಡ್ತಾರೆ, ಅಲ್ವಾ?

ಕುದುರೆ ಇಟ್ಟುಕೊಂಡವರು ಜಾಸ್ತಿ ಕೊಡ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಜಾಸ್ತಿ ಕೊಟ್ಟಿದ್ದು ಕಬ್ಬನ್ ಪಾರ್ಕಲ್ಲಿ ಬೆಳಗ್ಗೆ ಓಡೋ ಜನ. ಒಂದು ಭಾನುವಾರ ಗೌರಿಯ ಜೀನಿನ ಕೆಳಗಿನ ಬಟ್ಟೆಯನ್ನ ಒಗೆಯದೆ ಚೀಲಕ್ಕೆ ಹಾಕಿಕೊಂಡು ಹೋದೆ. ಬೆವರು ಒಣಗಿ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ, ಮುಟ್ಟಿದರೆ ಉದುರುತ್ತಿತ್ತು. ಅದನ್ನ ಬೆಂಚಿನ ಮೇಲೆ ಹರಡಿದೆ. ಒಬ್ಬ ಹುಡುಗ ತನ್ನ ಟೀಶರ್ಟ್ ಬೆನ್ನು ತೋರಿಸಿ "ಸಾರ್, ನಂದೂ ಹಿಂಗೇ" ಅಂದ. ಅಲ್ಲಿಂದ ಮಾತು ಸಲೀಸು. ಬಿಸಿಲಲ್ಲಿ ಕುದುರೆ ಗಂಟೆಗೆ 10-15 ಲೀಟರ್ ಬೆವರಬಹುದು. ನಮ್ಮ ಬೆವರಿಗಿಂತ ಅದರ ಬೆವರಲ್ಲಿ ಉಪ್ಪು ಜಾಸ್ತಿ. ನೀರಿನ ಜೊತೆ ಉಪ್ಪೂ ಹೋಗೋದರಿಂದ ರಕ್ತದಲ್ಲಿ ಉಪ್ಪಿನ ಪ್ರಮಾಣ ಅಷ್ಟಾಗಿ ಏರಲ್ಲ, ಬಾಯಾರಿಕೆಯೂ ಸರಿಯಾಗಿ ಆಗಲ್ಲ. ಗೌರಿ ಬಕೆಟ್ ಮುಟ್ಟದೆ ಇದ್ದಿದ್ದು ಇದಕ್ಕೇ ಇರಬೇಕು. ಅವತ್ತೊಂದೇ ಬೆಳಗ್ಗೆ 19 ಟ್ಯೂಬು.

ಲ್ಯಾಬಿನವರ ಹತ್ತಿರ ರೇಟು ಹೇಗೆ ಇಳಿಸಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಇನ್ನೂ ಎರಡು ಸುತ್ತು ಅವರ ಹತ್ತಿರವೇ ಮಾಡಿಸಬೇಕು.

ಈಗ ನಷ್ಟದ ಕಥೆ. ಮೊದಲ ಸಲ 16 ಟ್ಯೂಬು ಹಾಳಾದವು. ಬೆಳಗ್ಗೆ ತೆಗೆದ ರಕ್ತ ಹೆಸರಘಟ್ಟದಿಂದ ಲ್ಯಾಬಿಗೆ ಹೋಗೋಕೆ ಟ್ರಾಫಿಕ್‌ನಲ್ಲಿ ಮೂರು ಗಂಟೆ. ಕುಲುಕಿ, ಬಿಸಿಯಾಗಿ ಕೆಂಪು ಕಣ ಒಡೆದವು. ಮೇಲೆ ನಿಂತ ನೀರು ಒಣಹುಲ್ಲಿನ ಹಳದಿ ಬಣ್ಣ ಇರಬೇಕಿತ್ತು, ಬೀಟ್‌ರೂಟ್ ತೊಳೆದ ನೀರಿನ ಹಾಗಿತ್ತು. ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಬಂದರೆ ಆ ನಂಬರಿಗೆ ಬೆಲೆಯೇ ಇಲ್ಲ. 19 ಸಾವಿರ ರೂಪಾಯಿ ಒಂದೇ ದಿನ ಹೋಯಿತು. ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ 16 ಜನಕ್ಕೂ ನಾನೇ ಫೋನ್ ಮಾಡಿದೆ. ನಿಮ್ಮ ಟ್ಯೂಬು ಹಾಳಾಯಿತು, ತಪ್ಪು ನಮ್ಮದು, ದುಡ್ಡು ವಾಪಸ್ ಬೇಕಾ ಅಂತ. ಒಬ್ಬರೂ ಕೇಳಲಿಲ್ಲ. ಹನ್ನೆರಡು ಜನ ಇನ್ನೊಂದು ಟ್ಯೂಬಿಗೆ ಕೊಟ್ಟರು. ಮಲ್ಲೇಶ್ವರದ ಟೀಚರಮ್ಮ ಎರಡಕ್ಕೆ ಕೊಟ್ಟರು. ಆ ದುಡ್ಡಲ್ಲಿ ಹಳೇ ಸೆಂಟ್ರಿಫ್ಯೂಜ್, ಅಂದ್ರೆ ಟ್ಯೂಬನ್ನ ಜೋರಾಗಿ ತಿರುಗಿಸಿ ರಕ್ತದ ಕಣ ಬೇರೆ ಮಾಡೋ ಯಂತ್ರ, ಒಂದನ್ನ ಸುಮಾರು 11 ಸಾವಿರಕ್ಕೆ ತಗೊಂಡೆ. ಕಾರಿನ ಬ್ಯಾಟರಿಗೆ ಇನ್ವರ್ಟರ್ ಹಾಕಿ ಗೇಟ್ ಪಕ್ಕದಲ್ಲೇ ತಿರುಗಿಸೋಕೆ ಶುರು ಮಾಡಿದೆವು. ರಕ್ತ ಹೆಪ್ಪುಗಟ್ಟಿದ ಕೂಡಲೇ ಮೇಲಿನ ತಿಳಿ, ಅಂದ್ರೆ ಸೀರಂ, ಬೇರೆ ಮಾಡಿ ಐಸ್ ಮೇಲೆ. ಆಮೇಲೆ ಹಾಳಾಗಿದ್ದು ಒಂದೇ ಒಂದು.

ನಡುವೆ ಬೇರೆ ಪ್ರಯೋಗಗಳೂ ಆದವು. ಎಷ್ಟು ತೂಕ ಇಳಿಯುತ್ತೆ ನೋಡೋಣ ಅಂತ ಕುದುರೆಗಳನ್ನ ಲಾರಿ ತೂಗೋ ವೇಬ್ರಿಜ್‌ಗೆ ಕರ್ಕೊಂಡು ಹೋದೆವು. ಅದು 10 ಕಿಲೋ ಲೆಕ್ಕದಲ್ಲೇ ತೋರಿಸುತ್ತೆ. 400 ಕಿಲೋ ಕುದುರೆ 20 ಕಿಲೋ ಇಳಿದರೆ ಅದರಲ್ಲಿ ಏನು ತಿಳಿಯುತ್ತೆ? ಕೊನೆಗೆ ಹಸು ತೂಗೋ ತಕ್ಕಡಿ ಬಾಡಿಗೆಗೆ ತಂದೆ. ಸವಾರರನ್ನೂ ಅದೇ ದಿನ ತೂಗಿದೆವು. 80 ಕಿ.ಮೀ. ಮಾಡಿದ ಹುಡುಗಿಯೊಬ್ಬಳು 2 ಕಿಲೋ ಮೇಲೆ ಇಳಿದಿದ್ದಳು. ಕುದುರೆಗೆ ನೀರು ಕುಡಿಸೋ ಗಡಿಬಿಡಿಯಲ್ಲಿ ತಾನು ಕುಡಿದೇ ಇರಲಿಲ್ಲ. ಈಗ ನಮ್ಮ ಗೇಟಲ್ಲಿ ಸವಾರನ ಬಾಟಲಿಯನ್ನೂ ನೋಡ್ತೀವಿ.

ಇನ್ನೊಂದು ತಣ್ಣೀರಿಂದು. "ಬಿಸಿ ಮೈಗೆ ತಣ್ಣೀರು ಹಾಕಬೇಡಿ ಅಣ್ಣ, ಕಾಲು ಹಿಡ್ಕೊಳ್ಳುತ್ತೆ" ಅಂತ ನಮ್ಮ ಸೈಸ್, ಅಂದ್ರೆ ಕುದುರೆ ನೋಡಿಕೊಳ್ಳೋನು, ತುಂಬಾ ಹೇಳಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ, ಬಿಸಿಯಾದ ಕುದುರೆಗೆ ತಣ್ಣೀರು ಸುರಿಯೋದರಿಂದ ತೊಂದರೆ ಇಲ್ಲ ಅಂತ ತೋರಿಸಿದ್ದರು. ನಾವು ಎಂಟು ಕುದುರೆ ಮೇಲೆ ಮಾಡಿದೆವು. ನಿಲ್ಲಿಸದೆ ನೀರು ಸುರಿಸಿಕೊಂಡ ಕುದುರೆಗಳ ನಾಡಿ 9 ನಿಮಿಷದ ಆಸುಪಾಸಲ್ಲಿ 64ಕ್ಕೆ ಇಳಿಯಿತು, ಸುಮ್ನೆ ನೆರಳಲ್ಲಿ ನಿಂತವಕ್ಕೆ 13-14 ಬೇಕಾಯಿತು. ಈಗ ಸೈಸ್ ತಾನೇ ಡ್ರಮ್ ತುಂಬಿಸಿ ಇಡ್ತಾನೆ.

ಪಿಎಚ್‌ಡಿ ಹುಡುಗಿ ನಂಬರುಗಳನ್ನ ಜೋಡಿಸ್ತಿದ್ದಾಳೆ. ಅರ್ಧ ದಾರಿಯಲ್ಲೇ ಕ್ಲೋರೈಡ್ ಚೆನ್ನಾಗಿ ಇಳಿದ ಕುದುರೆಗಳು ಒಂಬತ್ತು ಸಿಕ್ಕಿವೆ. ಗೌರಿಯೂ ಅದರಲ್ಲಿ ಒಂದು. ಮುಂದಿನ ಸುತ್ತಲ್ಲಿ ಅವಕ್ಕೆ ಮಾತ್ರ ದಾರಿಯಲ್ಲಿ ಉಪ್ಪು ಕೊಟ್ಟು ನೋಡಬೇಕು. 60 ಟ್ಯೂಬು ಬೇಕು, 41ಕ್ಕೆ ಹೆಸರು ಬಂದಿದೆ. ಮೊದಲನೆಯದು ಟೀಚರಮ್ಮನದು, ಗೌರಿಯೇ ಬೇಕು ಅಂದಿದ್ದಾರೆ.