ಹೆಬ್ಬೆಟ್ಟು ಕಂಪ್ಯೂಟರ್‌ಗೆ ಹೋಗ್ದಂಗೆ ಹಾಜರಾತಿ: ನನ್ನ ಅನುಭವ

ಮದ್ದೂರು ಕಡೆ ಒಂದು ಗಾರ್ಮೆಂಟ್ಸ್‌ಗೆ ನಾನು ಹಾಜರಾತಿ ಮಷಿನ್ ಹಾಕ್ಕೊಟ್ಟು 14 ತಿಂಗಳಾಯ್ತು. ದಿನಾ 220 ಚಿಲ್ಲರೆ ಜನ ಪಂಚ್ ಮಾಡ್ತಾರೆ, ಒಬ್ಬರ ಬೆರಳಚ್ಚೂ ಕಂಪ್ಯೂಟರ್‌ನಲ್ಲಿಲ್ಲ. ಇದು ಆಗೋ ಮಾತಲ್ಲ ಅಂತ ಮೈಸೂರಿನ ಡೀಲರ್‌ಗಳೇ ಕೈಯಾಡ್ಸಿ ಕಳ್ಸಿದ್ರು, ಅದಕ್ಕೇ ಬರೀತಿದೀನಿ.

ಅಲ್ಲಿದ್ದ ಹಳೇ ಮಷಿನ್ ಸರ್ವೀಸ್‌ಗೆ ಹೋದಾಗ ಎಲ್ಲರ ಟೆಂಪ್ಲೇಟೂ (ಬೆರಳಚ್ಚಿನ ಗುರುತನ್ನ ಮಷಿನ್ ಅಂಕಿಯಾಗಿ ಬರ್ಕೊಂಡಿರೋದು) ಒಂದು ಪೆನ್‌ಡ್ರೈವಲ್ಲಿ ಡ್ರಾಯರ್‌ನಲ್ಲಿ ಬಿದ್ದಿತ್ತು, ಬೀಗ ಇಲ್ಲ ಪಾಸ್‌ವರ್ಡ್ ಇಲ್ಲ. ಟೈಲರಿಂಗ್ ಸೆಕ್ಷನ್ನಿನ ಒಬ್ಬ ಅಕ್ಕ ಕೇಳಿದ್ರು, "ಅಣ್ಣ, ನಮ್ಮಪ್ಪ ಹೆಬ್ಬೆಟ್ಟು ಒತ್ತಿ ಗದ್ದೆ ಕಳ್ಕಂಡ, ನಾನ್ ಒತ್ತಿದ್ದು ಎಲ್ಲೋಯ್ತದೆ?" ಏನಂತ ಹೇಳೋದು? ರಿಜಿಸ್ಟ್ರಿ ಪತ್ರದ ಹೆಬ್ಬೆಟ್ಟಿಂದ್ಲೇ ನಕಲಿ ಬೆರಳು ಮಾಡಿ ಆಧಾರ್ ಪೇಮೆಂಟಲ್ಲಿ ದುಡ್ಡು ಎತ್ತಿದ ಕೇಸು ನಮ್ ರಾಜ್ಯದಲ್ಲೇ ಆಗಿದೆ.

ಮೊದ್ಲು ಫಜಿ ವಾಲ್ಟ್ ಹಿಡ್ಕೊಂಡೆ, ಬೆರಳಗೆರೆಯ ಪಾಯಿಂಟ್‌ಗಳನ್ನ ಸುಳ್ಳು ಪಾಯಿಂಟ್‌ಗಳ ಜೊತೆ ಬೆರೆಸಿ ಬಚ್ಚಿಡೋ ಗಣಿತದ ವಿಧಾನ, 2002ರಲ್ಲಿ ಆರಿ ಜ್ಯೂಲ್ಸ್ ಮತ್ತೆ ಮಧು ಸುದನ್ ಅನ್ನೋ ಸಂಶೋಧಕರು ಕೊಟ್ಟಿದ್ದು. ಎರಡೂವರೆ ತಿಂಗಳು ರಾತ್ರಿಯೆಲ್ಲ ಕೂತೆ. ಬೆರಳು ಒಂಚೂರು ಓರೆ ಇಟ್ರೂ ಪಾಯಿಂಟ್ ಕೂರಲ್ಲ, ನಾಲ್ಕು ಸಲಕ್ಕೆ ಒಂದ್ಸಲ ಆಗಲ್ಲ ಅನ್ನೋದು, ಐರನ್ ಸೆಕ್ಷನ್ನೋರ ಬೆರಳಲ್ಲಂತೂ ಗೆರೆನೇ ಸವೆದಿರ್ತವೆ. ಬೆಳಗ್ಗೆ ಗೇಟಲ್ಲಿ ಕ್ಯೂ ನಿಂತು ಹತ್ತು ನಿಮಿಷ ಲೇಟಾದ್ರೆ ಕಟ್ ಆಗೋದು ಅವರ ಸಂಬಳ. ಬಿಟ್ಟೆ.

ಆಮೇಲೆ ಟೆಂಪ್ಲೇಟನ್ನ ಅವರವರ ಕಾರ್ಡಿಗೇ ಹಾಕೋಣ ಅಂತ ಆರ್307 ಅನ್ನೋ ಬೆರಳಚ್ಚು ಸೆನ್ಸರ್ ತಗೊಂಡೆ. ಟೆಂಪ್ಲೇಟ್ 512 ಬೈಟು, ಮೈಫೇರ್ ಕ್ಲಾಸಿಕ್ 1ಕೆ ಅನ್ನೋ ಚಿಪ್ ಕಾರ್ಡಲ್ಲಿ ನಮಗೆ ಸಿಗೋ ಜಾಗ 752 ಬೈಟು, ಒಂದು ಬೆರಳು ಆರಾಮಾಗಿ ಕೂರುತ್ತೆ. ಕಾರ್ಡು 18 ರೂಪಾಯಿ ಅಂತ 250 ತಂದೆ. ಅದರೊಳಗಿನ ಕ್ರಿಪ್ಟೋ1 ಅನ್ನೋ ಗುಪ್ತಲಿಪಿ ಬೀಗ 2008ರಲ್ಲೇ ಮುರಿದುಬಿದ್ದಿದ್ದು ಗೊತ್ತಿತ್ತು, ಆದ್ರೂ ನಮ್ ಫ್ಯಾಕ್ಟರಿಗೆ ಯಾರು ಬರ್ತಾರೆ ಅಂದ್ಕೊಂಡೆ. ಪರಿಚಯದ ಇಂಜಿನಿಯರಿಂಗ್ ಹುಡುಗನ ಕೈಗೆ ಒಂದು ಕೊಟ್ಟೆ, ಟೀ ಆರೋದ್ರೊಳಗೆ ಕಾಪಿ ಮಾಡಿಟ್ಟ. 250 ಕಾರ್ಡೂ ಗುಜರಿಗೆ. ಬೋರ್ಡು ಗೀರ್ಡು ಎಲ್ಲ ಸೇರಿ ಅಷ್ಟೊತ್ತಿಗೆ 38 ಸಾವಿರ ಹೋಗಿತ್ತು, ಮನೇಲಿ ಮಾತು ಬಿಟ್ಟಿದ್ರು.

ಕೊನೆಗೆ ಡೆಸ್‌ಫೈರ್, ಅಂದ್ರೆ ಎಇಎಸ್ ಅನ್ನೋ ಗಟ್ಟಿ ಗುಪ್ತಲಿಪಿ ಕೀ ಇರೋ ಕಾರ್ಡು, ಆಗ ಒಂದಕ್ಕೆ 95 ರೂಪಾಯಿ ಆಸುಪಾಸು. ಕಾರ್ಡ್ ಇಟ್ಟ ತಕ್ಷಣ ಟೆಂಪ್ಲೇಟ್ ಸೆನ್ಸರ್‌ನ ಎರಡನೇ ಬಫರ್‌ಗೆ, ಬೆರಳು ಮೊದಲನೇದಕ್ಕೆ (ಬಫರ್ ಅಂದ್ರೆ ತಾತ್ಕಾಲಿಕ ಮೆಮೊರಿ), ಎರಡನ್ನೂ ಹೋಲ್ಸೋ ಮ್ಯಾಚ್ ಕಮಾಂಡ್, ಮುಗೀತು. ಕಂಪ್ಯೂಟರ್‌ಗೆ ಹೋಗೋದು ನಂಬರ್ರು ಮತ್ತೆ ಟೈಮು ಅಷ್ಟೇ. ಪ್ರತಿ ಪಂಚ್ ಆದ್ಮೇಲೂ ಸೆನ್ಸರ್ ಪವರ್ರೇ ಕಟ್ ಮಾಡ್ತೀನಿ, ಬಫರಲ್ಲಿ ಏನೂ ಉಳಿಯಬಾರ್ದು. ಪ್ರತಿ ಕಾರ್ಡಿಗೂ ಕೀ ಬೇರೆ, ಅವೆಲ್ಲಕ್ಕೂ ಮೂಲವಾದ ಮಾಸ್ಟರ್ ಕೀ ರೀಡರ್ ಒಳಗೆ ಹೇಗಿಟ್ಟಿದೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಸವೆದ ಬೆರಳಿಗೂ ನಂದೇ ಒಂದು ಉಪಾಯ ಇದೆ, ಈಗ ನೂರಕ್ಕೆ ಎರಡೋ ಮೂರೋ ಸಲ ಫೇಲ್ ಆಗ್ಬೋದು.

ಮಧ್ಯದಲ್ಲಿ ಫೆವಿಕಾಲ್ ಒಣಗಿಸಿ ನನ್ನ ಬೆರಳಿನ ಸಿಪ್ಪೆ ಮಾಡಿ ನೋಡ್ದೆ, ಹತ್ತಕ್ಕೆ ಮೂರು ಸಲ ಸೆನ್ಸರ್ ಒಪ್ಕೊಂಡ್ಬಿಡ್ತು. ಹಾಗಾಗಿ ಮಷಿನ್‌ನ ಸೆಕ್ಯುರಿಟಿ ಕಣ್ಣೆದುರಿಗೇ ಹಾಕ್ಸಿದೀನಿ. ಇನ್ನೊಂದು ಕೊರತೆ, ಒಬ್ಬರೇ ಎರಡು ಹೆಸರಲ್ಲಿ ಸೇರ್ಕೊಂಡ್ರೆ ಇದು ಹಿಡಿಯಲ್ಲ, ಎಲ್ಲರ ಬೆರಳೂ ಒಂದೇ ಕಡೆ ಇದ್ರೆ ತಾನೇ ಹೋಲ್ಸೋದು. ಎಚ್‌ಆರ್‌ನೋರು ಇದನ್ನೇ ಹಿಡ್ಕೊಂಡು ಜಗಳ ಮಾಡಿದ್ರು, ಸೇರಿಸ್ಕೊಳ್ಳೋವಾಗ ದಾಖಲೆ ಸರಿಯಾಗಿ ನೋಡಿ ಅಂದೆ.

ಹೋದ ತಿಂಗಳು ಆ ಅಕ್ಕ ಕೆಲಸ ಬಿಟ್ರು. ಕಾರ್ಡನ್ನ ಬರೀ ಕತ್ತರಿಸಿದ್ರೆ ಆಂಟೆನಾ ಹೋಗುತ್ತೆ, ಚಿಪ್ ಉಳಿಯುತ್ತೆ, ಅದಕ್ಕೆ ಮೊದ್ಲು ಅವರೆದುರೇ ರೀಡರ್‌ಗಿಟ್ಟು ಫಾರ್ಮ್ಯಾಟ್ ಮಾಡಿ ಖಾಲಿ ಬಂದಿದ್ದು ಸ್ಕ್ರೀನಲ್ಲಿ ತೋರಿಸ್ದೆ. ಆಮೇಲೆ ಬಟ್ಟೆ ಕತ್ತರಿ ತಗೊಂಡು ಅವರೇ ಕಾರ್ಡನ್ನ ನಾಲ್ಕು ತುಂಡು ಮಾಡಿ ಸೆರಗಲ್ಲಿ ಕಟ್ಕೊಂಡು ಹೋದ್ರು.