ಕೋಣಕ್ಕೆ ಯಾವ ಕ್ಯಾಲಿಬರ್?

ಕಾಡು ಸೇರಿ ಬೆಳೆದ ಹಂದಿ, ಕೋಣ ಹೊಡೆಯಲು ಲೈಸೆನ್ಸ್, ಅನುಮತಿ ಎರಡೂ ಇರುವವರಿಗೆ ಈ ಮಾತು. ಮೊದಲು ನಿಮ್ಮಲ್ಲಿ ಯಾವ ಪ್ರಾಣಿಗೆ ಕನಿಷ್ಠ ಯಾವ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಅಂತ ನಿಯಮ ಇದೆಯೋ ನೋಡಿಕೊಳ್ಳಿ.

ಹಂದಿಗೆ .308 ವಿಂಚೆಸ್ಟರ್ ತೋಟಾ ಧಾರಾಳ ಸಾಕು. ಗುಂಡು 150ರಿಂದ 180 ಗ್ರೇನ್ (ಗುಂಡಿನ ತೂಕದ ಅಳತೆ) ಇರಲಿ. ಅದಕ್ಕಿಂತ ಸಣ್ಣ .223 ಹಿಡಿದು ದೊಡ್ಡ ಗಂಡು ಹಂದಿಯ ಹಿಂದೆ ಹೋಗುವವರೂ ಇದ್ದಾರೆ, ನಾನಂತೂ ಹೋಗುವುದಿಲ್ಲ. ಅದರ ಹೆಗಲ ಮೇಲಿನ ಚರ್ಮವೇ ದಪ್ಪ ಹಲಗೆ ಇದ್ದ ಹಾಗೆ.

ಕೋಣದ ಲೆಕ್ಕವೇ ಬೇರೆ. ಅಲ್ಲಿ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ನಂಬಬಹುದು. 1912ರಿಂದ ಬಳಕೆಯಲ್ಲಿರುವ ತೋಟಾ ಅದು. ಗುಂಡು 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಆದರೆ ಕ್ಯಾಲಿಬರ್‌ಗಿಂತ ಗುಂಡಿನ ಗುಣ ಮುಖ್ಯ. ಬೇಗ ಅರಳುವ ಮೆತ್ತನೆ ಗುಂಡು ಹೆಗಲ ಮೂಳೆಗೇ ಪುಡಿಯಾಗಿ ನಿಂತುಬಿಡುತ್ತದೆ, ಶ್ವಾಸಕೋಶ ಮುಟ್ಟುವುದೇ ಇಲ್ಲ. ಗಾಯಗೊಂಡ ಕೋಣ ಪೊದೆ ಸೇರಿದರೆ ಮುಂದಿನದು ನಿಮಗೇ ಗೊತ್ತಲ್ವಾ? ಸೀಸಕ್ಕೆ ತಾಮ್ರದ ಕವಚ ಬೆಸೆದ ಗುಂಡು, ಇಲ್ಲವೇ ಪೂರ್ತಿ ತಾಮ್ರದ್ದು ತೆಗೆದುಕೊಳ್ಳಿ.

ಇನ್ನು ಒದೆತ, ಅಂದರೆ ಗುಂಡು ಹಾರುವಾಗ ರೈಫಲ್ ಹೆಗಲಿಗೆ ಕೊಡುವ ಹೊಡೆತ. ಸುಮ್ನೆ ಜಂಬಕ್ಕೆ ದೊಡ್ಡದು ಕೊಂಡು, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವವರು ಜಾಸ್ತಿ. ರೇಂಜ್‌ನಲ್ಲಿ ಗೆಳೆಯನ ಕೈಲಿ ರೈಫಲ್ ತುಂಬಿಸಿ, ನಡುನಡುವೆ ನಿಮಗೆ ಹೇಳದೆ ಡಮ್ಮಿ (ಸಿಡಿಯದ) ತೋಟಾ ಹಾಕಿಸಿ. 'ಟಕ್' ಅಂದಾಗ ನಳಿಗೆಯ ತುದಿ ಕೆಳಗೆ ಕುಕ್ಕಿತೇ? ಹಾಗಾದರೆ ಆ ರೈಫಲ್ ಜತೆ ಇನ್ನೂ ಅಭ್ಯಾಸ ಬೇಕು.